ಕಣ್ಣಿಲ್ಲದವರ ಹೆಜ್ಜೆ ತಪ್ಪುವುದಿಲ್ಲ!

ಮೊಹರಂ ಬಂತೆಂದರೆ ವಳಕಮದಿನ್ನಿ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ಕುಣಿತದ್ದೇ ಮಾತು. ಹಲಗೆ ಬಾರಿಸುವವನ ಕೈ ನೋಡಿಕೊಂಡು ಯಾರಾದರೂ ಕುಣಿಯುತ್ತಾರೇನ್ರಿ? ಸಪ್ಪಳ ಕಿವಿಗೆ ಬಿತ್ತು, ಕಾಲು ಎದ್ದಿತು. ಅಷ್ಟೇ!

ಹಂಗಾದ್ರೆ ಕಣ್ಣಿಲ್ಲದ ಹುಡುಗ ಮಾತ್ರ ಕಟ್ಟೆಯ ಮೇಲೆ ಯಾಕೆ ಕೂಡಬೇಕು? “ಬಿದ್ದಗಿದ್ದೀ, ಸುಮ್ನೆ ಕೂಡು” ಅಂತಾರೆ ಮನೆಯವರು. ಪ್ರೀತಿಯಿಂದಲೇ ಅಂತಾರೆ. ಆದರೆ ಹಾಗೆ ಕೂತವನು ಎಷ್ಟೋ ಸಲ ಜೀವಮಾನವೆಲ್ಲ ಕೂತೇಬಿಡುತ್ತಾನೆ.

ಹಾಡಿಗೆ ಗದಗು, ಕುಣಿತಕ್ಕೆ?

ಈ ಭಾಗದಲ್ಲಿ ಅಂಧರ ಕಲೆ ಎಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮ. ಅಂಧ ಗಾಯಕ ಪಂಚಾಕ್ಷರ ಗವಾಯಿಗಳು ಹಾಕಿದ ದಾರಿಯಲ್ಲಿ, ಅಂಧರೇ ಆದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವ ತನಕ ನಡೆದರು. ‘ಕಣ್ಣಿಲ್ಲದವನೂ ಹಾಡಬಲ್ಲ’ ಎಂಬ ಮಾತನ್ನು ಇಂದು ಯಾರೂ ತೆಗೆದುಹಾಕುವಂತಿಲ್ಲ. ಆದರೆ ಕುಣಿಯಬಲ್ಲನೇ?

ಧಾರಾಳವಾಗಿ! 1969ರಲ್ಲಿ ಶುರುವಾದ ಬೆಂಗಳೂರಿನ ರಮಣ ಮಹರ್ಷಿ ಅಂಧರ ಅಕಾಡೆಮಿಯ ಮಕ್ಕಳು ಭರತನಾಟ್ಯ ಕಲಿತು ರಂಗವೇರಿದ್ದಾರೆ. ಬೆಳಗಾವಿ ಜಿಲ್ಲೆಯ ಮಹಾಂತೇಶ ಕಿವಡಸಣ್ಣವರ, ತಾವೇ ಅಂಧರು, ಗೆಳೆಯ ನಾಗೇಶ್ ಜೊತೆಗೂಡಿ 1997ರಲ್ಲಿ ಕಟ್ಟಿದ ಸಮರ್ಥನಂ ಸಂಸ್ಥೆಯ ‘ಸುನಾದ’ ತಂಡ ಪರದೇಶದಲ್ಲೂ ಕುಣಿದು ಬಂದಿದೆ. ದೂರದ ಬ್ರೆಜಿಲ್‌ನಲ್ಲಿ ಫರ್ನಾಂಡಾ ಬಿಯಾಂಕಿನಿ 1995ರಿಂದ ಅಂಧ ಹುಡುಗಿಯರಿಗೆ ಬ್ಯಾಲೆ ಕಲಿಸುತ್ತ ಬಂದಿದ್ದಾರೆ.

ಬೆರಳೇ ಕನ್ನಡಿ

ಕಲಿಸುವುದು ಹೆಂಗೆ? ಮುಟ್ಟಿ! ಗುರುವಿನ ಬೆರಳನ್ನು ತಡವಿ ಶಿಷ್ಯ ಮುದ್ರೆ ಹಿಡಿಯುತ್ತಾನೆ. ಗುರು ಅರಮಂಡಿ ಕೂತಾಗ ಮೊಣಕಾಲು, ಬೆನ್ನು ಮುಟ್ಟಿ ನೋಡುತ್ತಾನೆ. ತಾಳ ಕೇಳಿಬರುವ ಕಡೆಯೇ ದಿಕ್ಸೂಚಿ. ಪಕ್ಕದವನ ಗೆಜ್ಜೆ ಎಷ್ಟು ದೂರ ಅನ್ನುವುದೇ ಅಂತರದ ಅಳತೆ. ಉಳಿದದ್ದು ಹೆಜ್ಜೆಯ ಎಣಿಕೆ.

ಕಷ್ಟ ಇರುವುದು ಮುಖಭಾವದಲ್ಲಿ. ಹುಟ್ಟಿನಿಂದ ಕಣ್ಣಿಲ್ಲದ ಮಗುವೂ ತಾನಾಗಿ ನಗುತ್ತದೆ, ಅಳುತ್ತದೆ; ಆದರೆ ಹುಬ್ಬು ಕುಣಿಸಿ ಹುಸಿಕೋಪ ತೋರಿಸುವುದನ್ನು ಅದು ಯಾರಲ್ಲೂ ಕಂಡಿಲ್ಲ. ಕಥೆ ಹೇಳಿ, ಕೆನ್ನೆ ಮುಟ್ಟಿಸಿ, ತಿಂಗಳುಗಟ್ಟಲೆ ತಿದ್ದಬೇಕು. ಈಗಿನ ಕಾಲದ ಹೊಸ ನೃತ್ಯದಲ್ಲಿ, ಅಂದರೆ 1972ರಲ್ಲಿ ಅಮೆರಿಕದ ಸ್ಟೀವ್ ಪ್ಯಾಕ್ಸ್‌ಟನ್ ಹುಟ್ಟುಹಾಕಿದಂಥ ಪದ್ಧತಿಯಲ್ಲಿ, ಒಬ್ಬರ ಭಾರ ಇನ್ನೊಬ್ಬರು ಹೊತ್ತು ಸ್ಪರ್ಶದಿಂದಲೇ ಕುಣಿಯುವುದುಂಟು. ಅಲ್ಲಿ ಕಣ್ಣಿದ್ದವನದೇನೂ ಹೆಚ್ಚುಗಾರಿಕೆ ಇಲ್ಲ!

ಕಾಗದದಲ್ಲಿ ಉಂಟು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಓದು, ಉದ್ಯೋಗದ ಜೊತೆಗೆ ಸಂಸ್ಕೃತಿ, ಮನರಂಜನೆಯ ಹಕ್ಕೂ ಬರೆದಿದೆ. ಅಂಧರಿಗೆ ಸರ್ಕಾರಿ ಬಸ್ಸಿನ ಪಾಸೂ ಉಂಟು. ಆದರೆ ಪಾಸು ಹಿಡಿದು ಹೋಗಬೇಕಾದ್ದು ಎಲ್ಲಿಗೆ? ನಾಟ್ಯ ಕಲಿಯಬೇಕಾದರೆ ಸಿಂಧನೂರು, ಮಸ್ಕಿಯ ಮಗು ರಾತ್ರಿ ಬಸ್ ಹತ್ತಿ ಬೆಂಗಳೂರು ಸೇರಬೇಕೇ?

ಮೊದಲ ಪಾಠಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಮುಂದಿನ ಮೊಹರಂಗೆ ಕಟ್ಟೆ ಮೇಲಿನ ಹುಡುಗನ ಕೈ ಹಿಡಿದು ಸಾಲಿಗೆ ಸೇರಿಸಿಕೊಳ್ಳಿ. ಬೆಂಕಿಯಿಂದ ನಾಲ್ಕು ಮಾರು ದೂರ, ಅಕ್ಕಪಕ್ಕ ಇಬ್ಬರು ಇದ್ದರೆ ಸಾಕು. ಹಲಗೆ ಸಪ್ಪಳ ಅವನಿಗೂ ಕೇಳುತ್ತದೆ.