ನಿಮಗಿದು ಗೊತ್ತೇ? ಹಲ್ಮಿಡಿಗೆ ಮೂರಕ್ಷರ, ಕಂಪ್ಯೂಟರಿಗೆ ಏಳು

ಬೇಲೂರು ತಾಲ್ಲೂಕಿನ ಹಲ್ಮಿಡಿ ಹೆಸರು ಶಾಲೆಗೆ ಹೋದ ಕನ್ನಡಿಗರಿಗೆಲ್ಲ ಗೊತ್ತು. ಅಲ್ಲಿ ಸಿಕ್ಕ 16 ಸಾಲಿನ ಶಾಸನ ಸುಮಾರು ಕ್ರಿ.ಶ. 450ರದು, 1936ರಲ್ಲಿ ಅದನ್ನು ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಮೂಲ ಕಲ್ಲು ಈಗ ಮೈಸೂರಿನಲ್ಲಿದೆ, ಊರಲ್ಲಿರುವುದು ಪ್ರತಿಕೃತಿ. ಗೊತ್ತಿಲ್ಲದ ಸಂಗತಿ ಇದು: ಹಲ್ಮಿಡಿಯಲ್ಲಿ ಎಷ್ಟು ಅಕ್ಷರ ಎಂದು ಕನ್ನಡ ಮೇಷ್ಟ್ರನ್ನು ಕೇಳಿದರೆ ಮೂರು ಎನ್ನುತ್ತಾರೆ. ಹ, ಲ್ಮಿ, ಡಿ. ಪೈಥಾನ್ ಎಂಬ ಸ್ಕ್ರಿಪ್ಟಿಂಗ್ ಭಾಷೆಯನ್ನು ಕೇಳಿದರೆ ಏಳು ಎನ್ನುತ್ತದೆ. ಹ, ಲ, ಅರ್ಧಾಕ್ಷರದ ಚಿಹ್ನೆ, ಮ, ಗುಡಿಸು, ಡ, ಗುಡಿಸು. ಅದೇ ಹೆಸರನ್ನು ಫೈಲಿನಲ್ಲಿ ಉಳಿಸಿದರೆ 21 ಬೈಟ್. ಯುನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟ್ ಜಾಗ ಬೇಕು.

ಸ್ಕ್ರಿಪ್ಟಿಂಗ್ ಭಾಷೆ ಎಂದರೇನು? ಬರೆದ ಆಜ್ಞೆಯನ್ನು ಇನ್ನೊಂದು ಪ್ರೋಗ್ರಾಮು ಅಲ್ಲಲ್ಲೇ ಓದಿ ನಡೆಸುವ ಭಾಷೆ. ಪೈಥಾನ್, ಪರ್ಲ್, ಲೂವಾ, ಟಿಕಲ್ ಎಲ್ಲ ಈ ಬಳಗದವು. ಆಜ್ಞೆ ಓದುವ ಆ ಪ್ರೋಗ್ರಾಮನ್ನು ಒಂದು ಬಗೆಯ ಕಂಪ್ಯೂಟರಿನಿಂದ ಇನ್ನೊಂದಕ್ಕೆ ಒಗ್ಗಿಸುವುದೇ ಪೋರ್ಟ್ ಮಾಡುವುದು. ಅರಸೀಕೆರೆ ಜಂಕ್ಷನ್ನಿನಲ್ಲಿ ಮೀಟರ್ ಗೇಜಿನ ಕಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳಿಗಳ ನಡುವೆ 1000 ಮಿಲಿಮೀಟರ್ ಇದ್ದದ್ದು 1676 ಆಯಿತು. ಊರು ಅದೇ, ನಿಲ್ದಾಣ ಅದೇ, ತೆಂಗಿನಕಾಯಿ ಮೂಟೆಯೂ ಅದೇ. ಹಳೆಯ ಬೋಗಿ ಮಾತ್ರ ಓಡಲಿಲ್ಲ.

ಹಳೇಬೀಡು ಎಂದು ಒಂದು ಫೋಲ್ಡರಿಗೆ ಹೆಸರಿಡಿ. ವಿಂಡೋಸ್‌ನಲ್ಲಿ ಟೈಪ್ ಮಾಡಿದರೆ ಅದು ಏಳು ಚಿಹ್ನೆ. ಹಳೆಯ ಆಪಲ್ ಮ್ಯಾಕ್‌ನ ಡಿಸ್ಕು ಅದನ್ನೇ ಒಂಬತ್ತು ಮಾಡಿ ಇಟ್ಟುಕೊಳ್ಳುತ್ತಿತ್ತು! ಹೆಚ್ಚಿನ ಎರಡು ಎಲ್ಲಿಂದ ಬಂದವು? ಒಂದನೇ ಕ್ಲಾಸಿನ ಕಾಗುಣಿತ ನೆನಪಿಸಿಕೊಳ್ಳಿ. ಬ ಗುಡಿಸಿನ ದೀರ್ಘ ಬೀ. ಳ ಎತ್ವದ ದೀರ್ಘ ಳೇ. ಮ್ಯಾಕ್ ಮಾಡುತ್ತಿದ್ದುದೂ ಇಷ್ಟೇ: ದೀರ್ಘವನ್ನು ಬಿಡಿಸಿ ಬೇರೆಯೇ ಚಿಹ್ನೆಯಾಗಿ ಇಡುವುದು. ಯುನಿಕೋಡಿನ ಪಟ್ಟಿಯಲ್ಲಿ ಕನ್ನಡದ ದೀರ್ಘಕ್ಕೆಂದೇ ಒಂದು ಮನೆ ಇದೆ. ನಮ್ಮ ಸ್ಲೇಟು ಬಳಪದ ಕಾಗುಣಿತವನ್ನು ಕ್ಯಾಲಿಫೋರ್ನಿಯಾದ ಕಂಪನಿಯೊಂದು ಮೇಷ್ಟ್ರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿತು ಎನ್ನಬಹುದು. ಫಜೀತಿ ಶುರುವಾಗುವುದು ಫೈಲು ಮನೆ ಬಿಟ್ಟ ಮೇಲೆ. ಮ್ಯಾಕ್‌ನಿಂದ ಲಿನಕ್ಸ್‌ಗೆ ಹಾಗೆಯೇ ಬಂದ 'ಬೇಲೂರು' ಫೈಲನ್ನು ಲಿನಕ್ಸ್‌ನಲ್ಲಿ ಟೈಪ್ ಮಾಡಿದ 'ಬೇಲೂರು' ಹುಡುಕಿದರೆ ಸಿಗುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಒಂದು ಆರು ಚಿಹ್ನೆಯ ಊರು, ಇನ್ನೊಂದು ಏಳು ಚಿಹ್ನೆಯ ಊರು. ಹಲ್ಮಿಡಿಗೆ ಈ ಕಾಟವಿಲ್ಲ, ಅದರಲ್ಲಿ ದೀರ್ಘವೇ ಇಲ್ಲವಲ್ಲ. 2017ರಲ್ಲಿ ಆಪಲ್ ತಂದ ಹೊಸ ಫೈಲ್ ವ್ಯವಸ್ಥೆ ಹೆಸರನ್ನು ಹೀಗೆ ಬಿಡಿಸುವುದನ್ನು ನಿಲ್ಲಿಸಿದೆ.

ಲೂವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್ಲಿನ ರಿಯೊ ಡಿ ಜನೈರೊದ ವಿಶ್ವವಿದ್ಯಾಲಯವೊಂದರಲ್ಲಿ. ಪೋರ್ಟ್ ಮಾಡುವವರಿಗೆ ಇದು ಕೂಸು ಹೊತ್ತಷ್ಟು ಹಗುರ. ಇಡೀ ಭಾಷೆ ಸುಮಾರು 30,000 ಸಾಲುಗಳಲ್ಲಿ ಮುಗಿಯುತ್ತದೆ, ಅದೂ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಶುದ್ಧ ಸಿ ಭಾಷೆಯಲ್ಲಿ. ಲೂವಾ ಎಂದರೆ ಪೋರ್ಚುಗೀಸಿನಲ್ಲಿ ಚಂದ್ರ. ಅರಸೀಕೆರೆಯ ಶಿವಾಲಯದ ದೇವರ ಒಂದು ಹೆಸರು ಚಂದ್ರಮೌಳೇಶ್ವರ. ಸಂಬಂಧ ಏನೂ ಇಲ್ಲ, ಬರೆಯದೆ ಇರಲಾಗಲಿಲ್ಲ ಅಷ್ಟೆ.

ಫೋಲ್ಡರಿನ ವಿಳಾಸ ಬರೆಯುವಾಗ ವಿಂಡೋಸ್‌ನಲ್ಲಿ ಓರೆಗೆರೆ ಎಡಕ್ಕೆ ವಾಲುತ್ತದೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಬಲಕ್ಕೆ. ಯಾಕೆ? 1983ರಲ್ಲಿ ವಿಂಡೋಸ್‌ಗೂ ಮೊದಲಿನ ಡಾಸ್‌ಗೆ ಫೋಲ್ಡರುಗಳು ಬಂದಾಗ ಬಲಕ್ಕೆ ವಾಲಿದ ಗೆರೆ ಆಗಲೇ ಬೇರೆ ಕೆಲಸಕ್ಕೆ ನೇಮಕವಾಗಿತ್ತು. ಉಳಿದದ್ದು ಇನ್ನೊಂದು. ಈ ಗೆರೆಗೆ ಪೈಥಾನಿನಲ್ಲಿ ಮಂತ್ರಶಕ್ತಿ ಇದೆ: ಅದರ ಮುಂದೆ ಇಂಗ್ಲಿಷಿನ ಟಿ ಬಂದರೆ ಟ್ಯಾಬ್, ಎನ್ ಬಂದರೆ ಹೊಸ ಸಾಲು. ಹಾಗಾಗಿ ಸಿ ಡ್ರೈವಿನ 'ಟೆಂಪಲ್ಸ್' ಫೋಲ್ಡರಿನೊಳಗೆ 'ನುಗ್ಗೇಹಳ್ಳಿ' ಎಂದು ಇಂಗ್ಲಿಷಿನಲ್ಲಿ ವಿಳಾಸ ಕೊಟ್ಟವರಿಗೆ ಸಿಗುವುದು ಒಂದು ಟ್ಯಾಬು, 'ಎಂಪಲ್ಸ್', ಕೆಳಗಿನ ಸಾಲಿನಲ್ಲಿ 'ಉಗ್ಗೇಹಳ್ಳಿ'.

ಅಂದಹಾಗೆ ನುಗ್ಗೇಹಳ್ಳಿಯೂ ನಮ್ಮ ಹಾಸನ ಜಿಲ್ಲೆಯದೇ. ಅಲ್ಲಿನ 1246ರ ಲಕ್ಷ್ಮೀನರಸಿಂಹ ಗುಡಿಯ ದಕ್ಷಿಣ ಗೋಡೆಯ ಶಿಲ್ಪ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಯಾವ ವಿಗ್ರಹ ಯಾರದು ಎಂಬುದು ಇವತ್ತಿಗೂ ಗೊತ್ತಾಗುವುದು ಅವರು ಹೆಸರು ಕೊರೆದಿದ್ದರಿಂದ. ಈಗ ಹತ್ತಾರು ಜನ ಕೂಡಿ ಬರೆಯುವ ಪ್ರೋಗ್ರಾಮಿನಲ್ಲೂ ಯಾವ ಸಾಲು ಯಾರದೆಂದು ಹೇಳುವ ಗಿಟ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಈ ವಿವರ ತೋರಿಸುವ ಆಜ್ಞೆಯ ಇಂಗ್ಲಿಷ್ ಹೆಸರಿನ ಅರ್ಥ 'ದೂರು'. ಮಲ್ಲಿತಮ್ಮನ ಕಾಲದಲ್ಲಿ ಹೆಸರು ಕೊರೆಯುತ್ತಿದ್ದುದು ಹೊಗಳಿಸಿಕೊಳ್ಳಲಿಕ್ಕೆ.

ಸಾಲಿನ ಕೊನೆಯಲ್ಲೂ ಜಗಳವಿದೆ. ವಿಂಡೋಸ್ ಪ್ರತಿ ಸಾಲಿಗೂ ಎರಡು ಗುಪ್ತ ಚಿಹ್ನೆ ಹಾಕುತ್ತದೆ, ಲಿನಕ್ಸ್ ಒಂದೇ ಹಾಕುತ್ತದೆ. ಟೈಪ್‌ರೈಟರ್ ಕಂಡವರಿಗೆ ಮೂಲ ತಕ್ಷಣ ಹೊಳೆಯುತ್ತದೆ: ಸಾಲು ಮುಗಿದಾಗ ಕ್ಯಾರೇಜನ್ನು ಬಲಕ್ಕೆ ತಳ್ಳುವುದು ಒಂದು ಕೆಲಸ, ಕಾಗದವನ್ನು ಮೇಲಕ್ಕೆ ಸರಿಸುವುದು ಇನ್ನೊಂದು. ವಿಂಡೋಸ್‌ನಲ್ಲಿ ಬರೆದ ಸ್ಕ್ರಿಪ್ಟನ್ನು ಲಿನಕ್ಸ್‌ಗೆ ಒಯ್ದು ನೇರವಾಗಿ ನಡೆಸಲು ಹೋದರೆ ಆ ಹೆಚ್ಚುವರಿ ಚಿಹ್ನೆ ಮೊದಲ ಸಾಲಿನಲ್ಲಿರುವ ಭಾಷೆಯ ಹೆಸರಿಗೇ ಅಂಟಿಕೊಂಡು, 'ಇಂಥ ಪ್ರೋಗ್ರಾಮೇ ಇಲ್ಲ' ಎಂಬ ಉತ್ತರ ಬರುತ್ತದೆ. ಕಣ್ಣ ಮುಂದೆ ಇದ್ದರೂ ಇಲ್ಲ. ವಿಂಡೋಸ್‌ನ ನೋಟ್‌ಪ್ಯಾಡು ಲಿನಕ್ಸ್ ಮಾದರಿಯ ಸಾಲುಗಳನ್ನು ಸರಿಯಾಗಿ ತೋರಿಸಲು ಕಲಿತದ್ದು 2018ರಲ್ಲಿ.

ಮಕ್ಕಳಿಗೆಂದೇ 1967ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಭಾಷೆ ಲೋಗೋ. ಸೈಮೂರ್ ಪ್ಯಾಪರ್ಟ್, ವಾಲಿ ಫೋಯರ್ಝೈಗ್, ಸಿಂಥಿಯಾ ಸಾಲೊಮನ್ ಸೇರಿ ರೂಪಿಸಿದ್ದು. ಪರದೆಯ ಮೇಲೊಂದು ಆಮೆ. ಮುಂದೆ ಹೋಗು, ಬಲಕ್ಕೆ ತಿರುಗು ಎಂದರೆ ಗೆರೆ ಎಳೆಯುತ್ತ ಹೋಗುತ್ತದೆ. ಬ್ರಯನ್ ಹಾರ್ವಿ ಬರ್ಕ್ಲಿಯಲ್ಲಿ ಬರೆದ ಲೋಗೋವನ್ನು ಜಾರ್ಜ್ ಮಿಲ್ಸ್ ವಿಂಡೋಸ್‌ಗೆ ಒಗ್ಗಿಸಿದರು. ಅದೇ ಲೋಗೋ ಕನ್ನಡಕ್ಕೂ ಬಂದಿದೆ! ತಂದವರು ಯು.ಬಿ. ಪವನಜ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು, 1996ರಲ್ಲಿ ಕನ್ನಡದ ಮೊದಲ ಜಾಲತಾಣ 'ವಿಶ್ವಕನ್ನಡ'ವನ್ನು ಶುರುಮಾಡಿದವರು. ಲೆಕ್ಕ ಹಾಕುವ ಆಮೆಗೆ ಇಂಗ್ಲಿಷೇ ಬರಬೇಕೆಂದು ಯಾವ ಶಾಸನದಲ್ಲೂ ಬರೆದಿಲ್ಲ. ಕನ್ನಡ ಶಾಲೆಗಳಲ್ಲಿ ಇದು ಮನೆಮಾತಾಗಬೇಕಿತ್ತು, ಆಗಲಿಲ್ಲ ಎಂಬ ಕೊರಗು ನನಗೆ ಇದ್ದೇ ಇದೆ.

ಪೈಥಾನಿನ ಹೊಟ್ಟೆಯಲ್ಲೂ ಇಂಥದೇ ಒಂದು ಆಮೆ ಇದೆ. ಅದನ್ನು ನಂಬಿ ನಾನು ಕೆಟ್ಟ ಕಥೆ ಹೀಗೆ. ಅರಸೀಕೆರೆಯಲ್ಲಿ ಅಕ್ಕನ ಮಗಳು ಎಂಟನೇ ಕ್ಲಾಸು. ಮನೆಯಲ್ಲಿದ್ದ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಲಿನಕ್ಸ್ ಹಾಕಿ, ಹೊಸ ಪೈಥಾನನ್ನು ಮೂಲದಿಂದಲೇ ಕಟ್ಟಿ ತೋರಿಸುತ್ತೇನೆ ಎಂದು ಜಂಬದಿಂದ ಕೂತೆ. ಮೊದಲ ಆಜ್ಞೆ 'ಕಾನ್ಫಿಗರ್'. ಪರದೆಯ ತುಂಬ ಪ್ರಶ್ನೆ, ಉತ್ತರ. ಕಂಪೈಲರ್ ಇದೆಯಾ? ಇದೆ. ಕೆಲಸ ಮಾಡುತ್ತಾ? ಮಾಡುತ್ತೆ. ಹೆಣ್ಣು ನೋಡಲು ಬಂದ ಬೀಗರು ಬಾವಿ ಎಷ್ಟು ಆಳ, ಹಿತ್ತಲು ಎಷ್ಟು ದೊಡ್ಡದು ಎಂದು ವಿಚಾರಿಸಿದ ಹಾಗೆ. ಸುಮ್ಮನೆ ಕೇಳುವುದೂ ಅಲ್ಲ. ಬಹುತೇಕ ಪ್ರಶ್ನೆಗಳಿಗೆ ಪುಟ್ಟದೊಂದು ಸಿ ಪ್ರೋಗ್ರಾಮು ಬರೆದು, ಕಂಪೈಲ್ ಮಾಡಿ, ಆಯಿತೋ ಇಲ್ಲವೋ ನೋಡಿಯೇ ನಂಬುತ್ತದೆ. ಆಮೇಲೆ 'ಮೇಕ್'. ಫ್ಯಾನ್ ಗಿರ್ರೆಂದು ತಿರುಗತೊಡಗಿತು. ಕಾಫಿ ಮುಗಿಯುವಷ್ಟರಲ್ಲಿ ಕಟ್ಟಿಯಾಯಿತು. ಕೊನೆಯ ಆಜ್ಞೆಯಲ್ಲಿ ಬರೀ 'ಇನ್‌ಸ್ಟಾಲ್' ಎನ್ನದೆ 'ಆಲ್ಟ್‌ಇನ್‌ಸ್ಟಾಲ್' ಎಂದೆ. ಇಲ್ಲದಿದ್ದರೆ ಉಬುಂಟು ತನ್ನ ಕೆಲಸಕ್ಕೆ ಇಟ್ಟುಕೊಂಡ ಪೈಥಾನನ್ನು ಹೊಸದು ಮರೆಮಾಡುತ್ತದೆ. ಇಷ್ಟೆಲ್ಲ ಜಾಣತನ ತೋರಿಸಿ ಆಮೆಯನ್ನು ಕರೆದರೆ, ಆಮೆ ಬರಲಿಲ್ಲ.

"ಮಾಮ, ಮೇಲೆ ಏನೋ ಪಟ್ಟಿ ಬಂದಿತ್ತು, ನೀವು ಓದಲಿಲ್ಲ" ಎಂದಳು.

ಹೌದು. ಕಟ್ಟಿ ಮುಗಿದಾಗ ಪೈಥಾನ್ ಒಂದು ಪಟ್ಟಿ ಕೊಡುತ್ತದೆ: ಇಂತಿಂಥ ಭಾಗಗಳಿಗೆ ಬೇಕಾದ ಸಾಮಾನು ಸಿಗಲಿಲ್ಲ, ಬಿಟ್ಟಿದ್ದೇನೆ. ಬೈಯುವುದಿಲ್ಲ, ನಿಲ್ಲುವುದಿಲ್ಲ, ಮೆಲ್ಲಗೆ ಹೇಳಿ ಮುಂದೆ ಹೋಗುತ್ತದೆ. ಆಮೆ ನಿಂತಿರುವುದು ಟಿಕೆ ಎಂಬ ಚಿತ್ರಸಾಧನದ ಮೇಲೆ, ಅದು ಜಾನ್ ಔಸ್ಟರ್‌ಹೌಟ್ 1988ರಲ್ಲಿ ಕಟ್ಟಿದ ಟಿಕಲ್ ಭಾಷೆಯ ಜೊತೆಗಾರ. ಅಂದರೆ ಪೈಥಾನಿನ ಆಮೆ ಕುಣಿಯಲು ಒಳಗೆ ಇನ್ನೊಂದು ಸ್ಕ್ರಿಪ್ಟಿಂಗ್ ಭಾಷೆ ಕೂತಿರಬೇಕು! ವಿಂಡೋಸ್‌ಗೆ ಸಿಗುವ ಸಿದ್ಧ ಪೈಥಾನಿನಲ್ಲಿ ಅದೂ ಸೇರಿಯೇ ಬರುತ್ತದೆ. ಲಿನಕ್ಸ್‌ನಲ್ಲಿ ಕಟ್ಟುವವರು ಟಿಕೆಯ ಕಟ್ಟಡ ಸಾಮಗ್ರಿಯನ್ನು ಮೊದಲೇ ತಂದಿಟ್ಟುಕೊಳ್ಳಬೇಕು. ತಂದೆವು, ಎರಡನೇ ಸಲ ಕಟ್ಟಿದೆವು, ಆಮೆ ಬಂತು.

2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3ರಿಂದ ನಿಮ್ಮ ಪ್ರೋಗ್ರಾಮಿನ ಹೆಸರುಗಳು ಕನ್ನಡದಲ್ಲಿರಬಹುದು. 'ಎತ್ತರ' ಅಂತ, 'ಮೂಲೆ' ಅಂತ ಧಾರಾಳವಾಗಿ ಬರೆಯಿರಿ. 'ಸಾಫ್ಟ್‌ವೇರ್' ಅಂತ ಮಾತ್ರ ಬರೆಯಬೇಡಿ. ಟ ಕೆಳಗೆ ವ ಒತ್ತಾಗಿ ಕೂರದಂತೆ ನಡುವೆ ನಾವು ಹಾಕುವ ಕಾಣದ ಚಿಹ್ನೆಯನ್ನು ಹೆಸರಿನೊಳಗೆ ಕಂಡರೆ ಪೈಥಾನ್ ತಪ್ಪು ಎನ್ನುತ್ತದೆ. ಒತ್ತಕ್ಷರವನ್ನು ತಡೆಯದೆ ಬರೆದರೆ ಸುಮ್ಮನಿರುತ್ತದೆ. ಇಂಗ್ಲಿಷ್ ಪದಗಳನ್ನು ದೂರವಿಡಲು ಕನ್ನಡಪರರಿಗೆ ಇದಕ್ಕಿಂತ ಒಳ್ಳೆಯ ಕಾರಣ ಸಿಗಲಾರದು.

ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಇದನ್ನೇ ೧೧೧೭ ಎಂದು ಕನ್ನಡ ಅಂಕಿಯಲ್ಲಿ ಅಕ್ಷರವಾಗಿ ಕೊಟ್ಟು 'ಸಂಖ್ಯೆ ಮಾಡು' ಎಂದರೆ ಪೈಥಾನ್ ತಕರಾರಿಲ್ಲದೆ ಮಾಡುತ್ತದೆ. ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯೇ ಅಲ್ಲ' ಎನ್ನುತ್ತದೆ. ಪರ್ಲ್ ಇನ್ನೂ ವಿಚಿತ್ರ: ೧ ಒಂದು ಅಂಕಿಯೇ ಎಂದು ಕೇಳಿದರೆ ಹೌದು ಎನ್ನುತ್ತದೆ, ಕೂಡಿಸು ಎಂದರೆ ಸೊನ್ನೆ ಎಂದು ಹಿಡಿಯುತ್ತದೆ.

ವಿಂಡೋಸ್‌ನಲ್ಲಿ ಪೈಥಾನಿನಿಂದ ಕನ್ನಡವನ್ನು ಫೈಲಿಗೆ ಬರೆಯಲು ಹೋಗಿ ಬೈಸಿಕೊಂಡಿದ್ದೀರಾ? ಅದೇ ಪ್ರೋಗ್ರಾಮು ಲಿನಕ್ಸ್‌ನಲ್ಲಿ ಸಲೀಸಾಗಿ ಓಡುತ್ತದೆ. ವಿಂಡೋಸ್‌ನಲ್ಲಿ ನಾವು ಬಾಯಿಬಿಟ್ಟು ಹೇಳದಿದ್ದರೆ ಅದು ಹಿಡಿಯುವುದು ಯುರೋಪಿನ ಲಿಪಿಗೆಂದು ಮಾಡಿದ ಹಳೇ ಸಂಕೇತಪಟ್ಟಿಯನ್ನು, ಅದರಲ್ಲಿ ಕನ್ನಡದ ಸುಳಿವೇ ಇಲ್ಲ. 3.15ನೇ ಆವೃತ್ತಿಯಿಂದ ಎಲ್ಲ ಕಡೆ ಯುನಿಕೋಡನ್ನೇ ಹಿಡಿಯುವುದೆಂದು ಪೈಥಾನ್ ಕಟ್ಟುವವರು ತೀರ್ಮಾನಿಸಿದ್ದಾರೆ.

ಕಟ್ಟುವ ಕೆಲಸಕ್ಕೆಲ್ಲ ಮೇಸ್ತ್ರಿಯಂತಿರುವ 'ಮೇಕ್' 1976ರದು, ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು. ಅದರಲ್ಲಿ ಆಜ್ಞೆಯ ಸಾಲು ಟ್ಯಾಬಿನಿಂದಲೇ ಶುರುವಾಗಬೇಕು. ಎಂಟು ಖಾಲಿ ಜಾಗ ಬಿಟ್ಟರೂ ಒಪ್ಪುವುದಿಲ್ಲ. ಇದು ಸರಿಯಿಲ್ಲವೆಂದು ಫೆಲ್ಡ್‌ಮನ್‌ಗೆ ಬೇಗನೆ ಗೊತ್ತಾಗಿತ್ತು. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸತೊಡಗಿದ್ದರು, ಅವರಿಗೆ ತೊಂದರೆಯಾದೀತು ಎಂದು ಹಾಗೇ ಬಿಟ್ಟರು. ಆ ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಲೋಕವೆಲ್ಲ ಇವತ್ತಿಗೂ ಟ್ಯಾಬ್ ಒತ್ತುತ್ತಿದೆ.

ಅರಸೀಕೆರೆಯ ಶಿವಾಲಯ ಸುಮಾರು 1220ರದು. ಗರ್ಭಗುಡಿಯ ಹೊರಗೋಡೆಯ ತಳವಿನ್ಯಾಸ 16 ಮೂಲೆಯ ನಕ್ಷತ್ರ. ಒಂದು ಚೌಕವನ್ನು ನಡುವಿನ ಬಿಂದುವಿನ ಸುತ್ತ 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಸಲ ಬರೆದರೆ 16 ಮೂಲೆ ಮೂಡುತ್ತವೆ. ಆಮೆಗೆ ಹೇಳಲು ಇದು ನಾಲ್ಕೈದು ಸಾಲಿನ ಕೆಲಸ. ಅಕ್ಕನ ಮಗಳು ಮೊದಲ ಸಲ ಬರೆದಾಗ ಬಂದದ್ದು ನಕ್ಷತ್ರವಲ್ಲ, ಬೀಸಣಿಗೆ. ಆಮೆ ಚೌಕದ ಮೂಲೆಯಲ್ಲೇ ನಿಂತು ತಿರುಗುತ್ತಿತ್ತು. ನಡುವಿನಿಂದ ಹೊರಟು, ಗೆರೆ ಬೀಳದಂತೆ ಪೆನ್ನು ಎತ್ತಿ ಮೂಲೆಗೆ ಹೋಗಿ, ಚೌಕ ಬರೆದು, ಮತ್ತೆ ನಡುವಿಗೆ ಬಂದು ತಿರುಗಬೇಕು. ಎರಡನೇ ಸಲ ಸರಿಯಾಯಿತು. ಸಂಜೆ ಅದನ್ನು ಕಾಗದದಲ್ಲಿ ಬರೆದುಕೊಂಡು ಗುಡಿಗೆ ಹೋದೆವು. ಒಂದು ಸುತ್ತು ಹಾಕಿ ಬಂದವಳು ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಮಾಮ, ಇಲ್ಲಿ ಎಲ್ಲ ಮೂಲೆ ಒಂದೇ ಥರ ಇಲ್ಲ" ಎಂದಳು. ನಿಜ. ಈ ಗುಡಿಯ ನಕ್ಷತ್ರದಲ್ಲಿ ಮೂರು ಬಗೆಯ ಮೂಲೆಗಳಿವೆ. ಅವನ್ನು ಬರೆಸುವ ಕೆಲಸವನ್ನು ದಸರಾ ರಜೆಗೆ ಇಟ್ಟುಕೊಂಡಿದ್ದೇವೆ.