ಸ್ವಂತವಾಗಿ ನಿರ್ಮಿಸಿದ ಗ್ರ್ಯಾಪಲ್: ನಿಜವಾಗಿ ಉಳಿದದ್ದೆಷ್ಟು?

ಖಾನಾಪುರ ರಸ್ತೆಯಲ್ಲಿ ಸಾ ಮಿಲ್ ನಡೆಸುತ್ತಿರುವ ನನ್ನ ಕಕ್ಷಿದಾರರೊಬ್ಬರು ತಮ್ಮ ಸಣ್ಣ ಟ್ರ್ಯಾಕ್ಟರಿನ ಲೋಡರಿಗೆ ಗ್ರ್ಯಾಪಲ್ ಒಂದನ್ನು ತಮ್ಮ ಶೆಡ್ಡಿನಲ್ಲಿಯೇ ಸಿದ್ಧಪಡಿಸಿದರು. ಲೋಡರಿನ ಬಕೆಟ್ ಕಳಚಿ, ಆ ಸ್ಥಳದಲ್ಲಿ ಜೋಡಿಸುವ ಕಬ್ಬಿಣದ ಪಂಜವೇ ಗ್ರ್ಯಾಪಲ್. ಹಿಂದಿನ ಮಳೆಗಾಲದಲ್ಲಿ ದಿಮ್ಮಿ ಜಾರಿ ಹಮಾಲನೊಬ್ಬನ ಪಾದ ಜಜ್ಜಿಹೋದದ್ದು ಈ ಸಾಹಸಕ್ಕೆ ಪ್ರೇರಣೆ. ಸಿದ್ಧ ಗ್ರ್ಯಾಪಲ್ಲಿಗೆ ಅವರಿಗೆ ದೊರೆತ ದರಪಟ್ಟಿ ತೆರಿಗೆ ಹೊರತುಪಡಿಸಿ 95,000 ರೂಪಾಯಿ. “ಸಾಹೇಬ್ರ, 54 ಸಾವಿರದಾಗ ಮುಗಸೇನಿ, 41 ಸಾವಿರ ಉಳೀತು” ಎಂದು ಬಿಲ್ಲುಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ಆ ಕಟ್ಟನ್ನು ಬಿಚ್ಚಿದಾಗ ಕಂಡದ್ದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದು ಉಚಿತವೆನಿಸಿತು.

ಮೊದಲು ಯಂತ್ರದ ವಿಷಯ. ಲೋಡರಿನ ಎತ್ತುವ ಸಾಮರ್ಥ್ಯ 400 ಕಿಲೋ ಎಂದಿದ್ದರೆ ಗ್ರ್ಯಾಪಲ್ಲಿನ ತೂಕವೂ ಅದರಲ್ಲಿಯೇ ಅಡಕ. ದೊಡ್ಡ ಯಂತ್ರವೊಂದರ ಚಿತ್ರ ನೋಡಿ ಇವರು ಬರೆಸಿದ ಮೊದಲ ನಕ್ಷೆಯಲ್ಲಿ ಎಲ್ಲೆಡೆ 12 ಮಿ.ಮೀ. ಪ್ಲೇಟ್ ಇತ್ತು. ಆ ಪ್ಲೇಟ್ ಚದರ ಮೀಟರಿಗೆ 94 ಕಿಲೋ ತೂಗುತ್ತದೆ. ಒಟ್ಟು ತೂಕ 260 ಕಿಲೋ ಎಂದು ಲೆಕ್ಕ ಬಂದಿತು. ಉಳಿಯುವುದು 140 ಕಿಲೋ. ಒಂದು ಅಡಿ ದಪ್ಪದ, ಎರಡು ಮೀಟರ್ ಉದ್ದದ ಹಸಿ ನೀಲಗಿರಿ ದಿಮ್ಮಿಯೊಂದೇ ಹೆಚ್ಚುಕಡಿಮೆ ಅಷ್ಟು ತೂಗುತ್ತದೆ. ಅದರ ಮೇಲೆ, ತಯಾರಕರು ಹೇಳುವ ಸಾಮರ್ಥ್ಯ ಸಾಮಾನ್ಯವಾಗಿ ತೋಳಿನ ತುದಿಯ ಪಿನ್ನಿನ ಬಳಿಯದು. ಭಾರ ಮುಂದಕ್ಕೆ ಹೋದಷ್ಟೂ ಅದು ಇಳಿಯುತ್ತದೆ. ಅದೃಷ್ಟವಶಾತ್ ಈ ಲೆಕ್ಕ ಉಕ್ಕು ಕತ್ತರಿಸುವ ಮೊದಲೇ ಆಯಿತು. ಹಲ್ಲುಗಳಿಗೆ 8 ಮಿ.ಮೀ. ಪ್ಲೇಟ್ ಬಳಸಿ, ಪಿನ್ ಕೂರುವ ಜಾಗಗಳಲ್ಲಿ ಮಾತ್ರ ದಪ್ಪ ಉಳಿಸಿಕೊಂಡು, ಸಿಲಿಂಡರುಗಳೂ ಸೇರಿ 170 ಕಿಲೋದಲ್ಲಿ ಮುಗಿಸಿದರು. ಟ್ರ್ಯಾಕ್ಟರಿನ ಹಿಂಬದಿಗೆ ಪ್ರತಿಭಾರ ಕಟ್ಟದಿದ್ದರೆ ಇಷ್ಟಕ್ಕೂ ಹಿಂದಿನ ಚಕ್ರಗಳು ಹಗುರಾಗುತ್ತವೆ ಎಂಬುದನ್ನು ಮರೆಯಲಾಗದು.

ಮೇಲಿನ ದವಡೆಯನ್ನು ಎರಡು ಬಿಡಿ ಭಾಗಗಳಾಗಿ ಮಾಡಿ ಒಂದೊಂದಕ್ಕೂ ಒಂದು ಸಿಲಿಂಡರ್ ಕೊಟ್ಟದ್ದು ಒಳ್ಳೆಯ ನಿರ್ಧಾರ. ಒಂದು ದವಡೆ ದಪ್ಪ ದಿಮ್ಮಿಗೆ ತಾಗಿ ನಿಂತಾಗ ಎಣ್ಣೆ ಇನ್ನೊಂದರ ಕಡೆ ಹರಿದು ಅದನ್ನೂ ಮುಚ್ಚಿಸುತ್ತದೆ. ಅಂಕುಡೊಂಕು ಮರವೂ ಬಿಗಿಯಾಗಿ ಕೂರುತ್ತದೆ. ಹೈಡ್ರಾಲಿಕ್ ಸಾಮಗ್ರಿಗೆ ಬೆಳಗಾವಿಯವರು ದೂರ ಹೋಗಬೇಕಾಗಿಲ್ಲ. ಉದ್ಯಮಬಾಗ, ಮಚ್ಛೆ ಪ್ರದೇಶಗಳಲ್ಲಿ ಈ ಕಸುಬು ಬಲ್ಲವರಿದ್ದಾರೆ. 50 ಮಿ.ಮೀ. ಒಳವ್ಯಾಸದ ಸಿಲಿಂಡರ್ 150 ಬಾರ್ ಒತ್ತಡದಲ್ಲಿ ಸುಮಾರು 3 ಟನ್ ಬಲದಿಂದ ನೂಕುತ್ತದೆ. ಹಲ್ಲಿನ ತುದಿ ಕೀಲಿನಿಂದ ನಾಲ್ಕು ಪಟ್ಟು ದೂರವಿದ್ದರೆ ಅಲ್ಲಿ ದೊರೆಯುವುದು ಮುಕ್ಕಾಲು ಟನ್ನಿನಷ್ಟೇ; ಆದರೆ ಪಿನ್ ಪೂರ್ತಿ ಮೂರು ಟನ್ ತಾಳಬೇಕು. ಇವರು ಹಾಕಿದ್ದು 20 ಮಿ.ಮೀ. ಸಾದಾ ಕಬ್ಬಿಣದ ಪಿನ್. ಮೂರನೆಯ ದಿನವೇ ಬಾಗಿತು. 30 ಮಿ.ಮೀ. ಇ.ಎನ್.-8 ಪಿನ್, ಹೊಸ ಬುಷ್, ಮರುವೆಲ್ಡಿಂಗ್ ಸೇರಿ 3,800 ರೂಪಾಯಿ ದಂಡ ತೆತ್ತರು. ಇನ್ನೊಂದು ಎಚ್ಚರಿಕೆ: ಹೋಸ್ ಪೈಪಿನಲ್ಲಿ ಸೂಜಿಮೊನೆಯಷ್ಟು ಸೋರಿಕೆ ಇದ್ದರೂ ಕೈಯಿಂದ ತಡವಿ ಹುಡುಕಬಾರದು. ಆ ಒತ್ತಡದ ಎಣ್ಣೆ ಚರ್ಮವನ್ನೇ ಭೇದಿಸಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಬೇಕು.

ಇನ್ನು ನನ್ನ ಕ್ಷೇತ್ರ. ಅವರ 54,200 ರೂಪಾಯಿಗಳಲ್ಲಿ ಉಕ್ಕು 11,700, ಸಿಲಿಂಡರ್ 14,000, ವಾಲ್ವ್, ಹೋಸ್ ಮತ್ತು ಕಪ್ಲರ್ 16,000, ಪಿನ್ ಮತ್ತು ಬುಷ್ 4,500, ಕತ್ತರಿಸಿದ ಕೂಲಿ 5,000, ಎಲೆಕ್ಟ್ರೋಡ್ ಮತ್ತು ಬಣ್ಣ 3,000 ಇದ್ದವು. ಒಂಬತ್ತು ದಿನ ಮಿಲ್ಲಿನ ಕೆಲಸ ಬಿಟ್ಟು ಇದರಲ್ಲೇ ತೊಡಗಿದ್ದ ವೆಲ್ಡರ್ ಮತ್ತು ಸಹಾಯಕನ ವೇತನ 13,500 ಎಲ್ಲಿಯೂ ಕಾಣಲಿಲ್ಲ. “ಅವರಿಗೆ ಹೆಂಗೂ ಪಗಾರ ಕೊಡಬೇಕಲ್ರಿ” ಎಂಬುದು ಅವರ ಉತ್ತರ. ಹಾಗೆ ನೋಡಿದರೆ ಯಾವ ವಸ್ತುವಿಗೂ ಕೂಲಿಯೇ ಇಲ್ಲ! ಅದನ್ನು ಸೇರಿಸಿದಾಗ ಆಸ್ತಿಯ ಮೌಲ್ಯ 67,700 ಆಯಿತು. ಬಾಗಿದ ಪಿನ್ನಿನ 3,800 ಅಸಹಜ ನಷ್ಟವಾದ್ದರಿಂದ ಲೆಕ್ಕಪತ್ರ ಮಾನದಂಡದಂತೆ ಆಸ್ತಿಗೆ ಸೇರದು. ನೇರವಾಗಿ ಲಾಭ-ನಷ್ಟದ ಖಾತೆಗೆ ಹೋಗಬೇಕು. ಎರಡನ್ನೂ ಕೂಡಿದರೆ ಕೈಬಿಟ್ಟದ್ದು 71,500. ಉಳಿತಾಯ 41 ಸಾವಿರವಲ್ಲ, 23,500.

ಇಡೀ ಮೊತ್ತವನ್ನು ಅವರ ಗುಮಾಸ್ತರು ‘ರಿಪೇರಿ ವೆಚ್ಚ’ ಎಂದು ಬರೆದಿದ್ದರು. ಇದು ಹೊಸ ಆಸ್ತಿ, ರಿಪೇರಿಯಲ್ಲ. ಯಂತ್ರೋಪಕರಣಗಳ ಸಾಮಾನ್ಯ ದರವಾದ ಶೇ. 15ರಂತೆ ಸವಕಳಿ ಪಡೆಯಬೇಕು. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರ ಅರ್ಧ. ಗ್ರ್ಯಾಪಲ್ ಸ್ಥಿರಾಸ್ತಿಯಲ್ಲವಾದ್ದರಿಂದ ಬಿಲ್ಲುಗಳ ಮೇಲಿನ ಜಿ.ಎಸ್.ಟಿ.ಯನ್ನು ಹೂಟೆ ತೆರಿಗೆ ಜಮೆಯಾಗಿ ಪಡೆಯಲು ಅಡ್ಡಿಯಿಲ್ಲ. ಆದರೆ ಅದೇ ತೆರಿಗೆಯನ್ನು ಮೌಲ್ಯಕ್ಕೆ ಸೇರಿಸಿ ಸವಕಳಿಯನ್ನೂ ಕೇಳಬಾರದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲ.

ನನಗೆ ನಿಜಕ್ಕೂ ಬೇಸರ ತಂದದ್ದು ಸಿಲಿಂಡರಿನ ಬಿಲ್ಲು. ಅಷ್ಟನ್ನೂ ಒಂದೇ ದಿನ ನಗದಾಗಿ ಕೊಟ್ಟಿದ್ದರು. ಆಸ್ತಿಯ ಖರೀದಿಗೆ ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಪಾವತಿಸಿದರೆ ಆ ವೆಚ್ಚ ಆದಾಯ ತೆರಿಗೆಯ ಲೆಕ್ಕದಲ್ಲಿ ಆಸ್ತಿಯ ಮೌಲ್ಯಕ್ಕೆ ಸೇರುವುದಿಲ್ಲ. ಒಂದು ಚೆಕ್ ಹಾಳೆ ಉಳಿಸಲು ಹೋಗಿ 14,000 ರೂಪಾಯಿಯ ಸವಕಳಿ ಕಳೆದುಕೊಂಡರು. ತೆರಿಗೆಗೆ ಉಳಿದ ಮೌಲ್ಯ 53,700 ಮಾತ್ರ.

ಈಗ ನೆರೆಯ ಇಟ್ಟಿಗೆ ಭಟ್ಟಿಯವರು ತಮಗೂ ಒಂದು ಬೇಕೆಂದು ಕೇಳಿದ್ದಾರಂತೆ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಯಂತ್ರಗಳಿಗೆ ಶೇ. 5 ತೆರಿಗೆ ಬಂದಿರುವುದರಿಂದ ಅದೇ ದರ ಹಾಕೋಣವೇ ಎಂದು ಕೇಳಿದರು. ಟ್ರ್ಯಾಕ್ಟರಿಗೆ ಜೋಡಿಸಿದ ಮಾತ್ರಕ್ಕೆ ವಸ್ತು ಕೃಷಿ ಯಂತ್ರವಾಗುವುದಿಲ್ಲ. ಬಕೆಟ್, ಗ್ರ್ಯಾಬ್‌ಗಳು 8431ನೆಯ ಶೀರ್ಷಿಕೆಯಲ್ಲಿ ಹೆಸರಿಸಲ್ಪಟ್ಟಿವೆ. ಅಲ್ಲಿ ದರ ಶೇ. 18. ವರ್ಗೀಕರಣ ಲಿಖಿತವಾಗಿ ಖಚಿತವಾಗುವವರೆಗೆ ಮುಂಗಡ ಪಡೆಯಬೇಡಿ, ಪಡೆದರೂ ನಗದಾಗಿ ಬೇಡ ಎಂದು ಹೇಳಿ ಕಳುಹಿಸಿದ್ದೇನೆ.