ಸೀಟು ಗೆಲ್ಲದಿದ್ದರೂ ಲೆಕ್ಕಕ್ಕಿರುವ ಬ್ರೂಕ್ಲಿನ್‌ನ ಸಣ್ಣ ಪಕ್ಷ

ಊರಿಗೆ ಊರೇ ಒಂದು ಪಕ್ಷದ ಕಡೆ ಇದ್ದಾಗ ಎದುರಿನ ಬಾವುಟ ಹಿಡಿದು ನಿಲ್ಲುವ ನಾಲ್ಕು ಮಂದಿ ಎಲ್ಲ ಕಡೆ ಇರುತ್ತಾರೆ. ಠೇವಣಿ ಹೋಗುತ್ತದೆ, ಜನ ನಗುತ್ತಾರೆ, ಮುಂದಿನ ಚುನಾವಣೆಗೆ ಮತ್ತೆ ಅವರೇ ಹಾಜರ್. ಅಮೆರಿಕದ ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲೂ ಅಂಥವರಿದ್ದಾರೆ. ಪಕ್ಷದ ಹೆಸರು ಕನ್ಸರ್ವೇಟಿವ್ ಪಾರ್ಟಿ. ಆದರೆ ಇವರನ್ನು ನೋಡಿ ನಗುವ ಧೈರ್ಯ ದೊಡ್ಡ ಪಕ್ಷದವರಿಗೂ ಇಲ್ಲ. ಯಾಕೆ ಅನ್ನೋದೇ ಇಲ್ಲಿಯ ಸ್ವಾರಸ್ಯ.

ಮೊದಲು ಊರಿನ ಲೆಕ್ಕ ನೋಡೋಣ. 2020ರ ಜನಗಣತಿಯಂತೆ ಬ್ರೂಕ್ಲಿನ್ ಜನಸಂಖ್ಯೆ 27 ಲಕ್ಷ ದಾಟಿದೆ. ಸರಕಾರಿ ದಾಖಲೆಯಲ್ಲಿ ಇದರ ಹೆಸರು ಕಿಂಗ್ಸ್ ಕೌಂಟಿ. ಅದೇ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಇಲ್ಲಿ ಬಿದ್ದ ಪ್ರತಿ 100 ಮತಗಳಲ್ಲಿ 75ಕ್ಕೂ ಹೆಚ್ಚು ಡೆಮಾಕ್ರಟಿಕ್ ಪಕ್ಷದ ಜೋ ಬೈಡನ್ ಅವರಿಗೆ ಹೋದವು. ಇಲ್ಲಿ ಎರಡನೇ ದೊಡ್ಡ ಪಕ್ಷವಾದ ರಿಪಬ್ಲಿಕನ್ನರದ್ದೇ ಕಷ್ಟದ ಸಂಸಾರ. ಅದಕ್ಕಿಂತ ಬಲಕ್ಕಿರುವ ಸಣ್ಣ ಪಕ್ಷದ ಪಾಡು ಕೇಳಬೇಕೆ?

ಒಬ್ಬನೇ ಅಭ್ಯರ್ಥಿ, ಎರಡು ಸಾಲು

ನಮ್ಮಲ್ಲಿ ಒಬ್ಬ ಅಭ್ಯರ್ಥಿಗೆ ಒಂದೇ ಚಿಹ್ನೆ. ಎರಡು ಪಕ್ಷಗಳು ಹೊಂದಾಣಿಕೆ ಮಾಡಿಕೊಂಡರೂ ಮತಯಂತ್ರದ ಮೇಲೆ ಒಂದರ ಚಿಹ್ನೆ ಮಾತ್ರ ಇರುತ್ತದೆ. ನ್ಯೂಯಾರ್ಕ್‌ನಲ್ಲಿ ಹಾಗಿಲ್ಲ. ಎರಡು ಪಕ್ಷಗಳು ಒಬ್ಬನನ್ನೇ ನಿಲ್ಲಿಸಿದರೆ ಅವನ ಹೆಸರು ಮತಪತ್ರದಲ್ಲಿ ಎರಡು ಸಾಲಿನಲ್ಲಿ ಬರುತ್ತದೆ. ಮತದಾರ ತನಗೆ ಬೇಕಾದ ಸಾಲಿನಲ್ಲಿ ಗುರುತು ಹಾಕುತ್ತಾನೆ. ಎಣಿಕೆ ಬೇರೆ ಬೇರೆ, ಕೊನೆಗೆ ಕೂಡಿಸಿ ಒಟ್ಟು ಮೊತ್ತ. ಯಾವ ಪಕ್ಷದ ಸಾಲಿನಿಂದ ಎಷ್ಟು ಜಮಾ ಆಯಿತು ಅನ್ನೋದು ಎಲ್ಲರಿಗೂ ಕಾಣುತ್ತದೆ.

ಇದಕ್ಕೆ ಫ್ಯೂಷನ್ ಮತದಾನ ಎನ್ನುತ್ತಾರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇದಕ್ಕೆ ಅವಕಾಶವಿಲ್ಲ. ಹಾಗೆ ನಿಷೇಧಿಸುವುದು ತಪ್ಪಲ್ಲ ಎಂದು 1997ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೂ ಹೇಳಿದೆ. ನ್ಯೂಯಾರ್ಕ್ ಮಾತ್ರ ಹಳೇ ಪದ್ಧತಿ ಬಿಟ್ಟಿಲ್ಲ.

ಈ ಸಾಲನ್ನೇ ನಂಬಿ 1962ರಲ್ಲಿ ಡೇನಿಯಲ್ ಮಹೋನಿ ಮತ್ತು ಕೀರನ್ ಓಡೊಹರ್ಟಿ ಎಂಬ ಇಬ್ಬರು ವಕೀಲರು ಪಕ್ಷ ಕಟ್ಟಿದರು. ಆಗಿನ ಗವರ್ನರ್, ರಿಪಬ್ಲಿಕನ್ ಪಕ್ಷದ ನೆಲ್ಸನ್ ರಾಕ್‌ಫೆಲ್ಲರ್ ತೀರ ಉದಾರವಾದಿಯಾದರು ಎಂಬುದು ಇವರ ತಕರಾರು. ಎದುರಿಗೆ ಮಾದರಿಯೂ ಇತ್ತು. 1944ರಿಂದ ಲಿಬರಲ್ ಪಕ್ಷ ಇದೇ ಸಾಲಿನ ಬಲದಿಂದ ದೊಡ್ಡ ಪಕ್ಷಗಳನ್ನು ಎಡಕ್ಕೆ ಜಗ್ಗುತ್ತಿತ್ತು. ಅದನ್ನೇ ಬಲಕ್ಕೆ ಮಾಡೋಣ ಎಂದು ಇವರು ಹೊರಟರು.

1965ರ ಮೇಯರ್ ಚುನಾವಣೆಗೆ ಪತ್ರಕರ್ತ ವಿಲಿಯಂ ಎಫ್. ಬಕ್ಲೆ ಈ ಪಕ್ಷದಿಂದ ನಿಂತರು. ಗೆದ್ದರೆ ಏನು ಮಾಡ್ತೀರಿ ಅಂತ ಕೇಳಿದ್ದಕ್ಕೆ, ಮರುಎಣಿಕೆ ಕೇಳ್ತೀನಿ ಅಂದುಬಿಟ್ಟರು! ಬಿದ್ದದ್ದು ಶೇಕಡಾ 13ರಷ್ಟು ಮತ. ಐದೇ ವರ್ಷಕ್ಕೆ, 1970ರಲ್ಲಿ, ಅವರ ಅಣ್ಣ ಜೇಮ್ಸ್ ಬಕ್ಲೆ ತ್ರಿಕೋನ ಸ್ಪರ್ಧೆಯಲ್ಲಿ ಶೇಕಡಾ 40ಕ್ಕಿಂತ ಕಡಿಮೆ ಮತ ಪಡೆದು ಇದೇ ಸಾಲಿನಿಂದ ಅಮೆರಿಕದ ಸೆನೆಟ್‌ಗೆ ಹೋದರು.

ಮದ್ಯದಂಗಡಿ ಮಾಲೀಕರ ಮುಂದಾಳತ್ವ

ಬ್ರೂಕ್ಲಿನ್ ಶಾಖೆಯ ಬಗ್ಗೆ ಮಾತಾಡಿದರೆ ಮೈಕ್ ಲಾಂಗ್ ಹೆಸರು ಬಿಡಲಾಗದು. ನೌಕಾಪಡೆಯ ಮರೀನ್ ದಳದಲ್ಲಿದ್ದವರು, ಆಮೇಲೆ ಬೇ ರಿಜ್ ಬಡಾವಣೆಯಲ್ಲಿ ಮದ್ಯದಂಗಡಿ ನಡೆಸಿದವರು. 1988ರಿಂದ 2019ರವರೆಗೆ, ಅಂದರೆ 31 ವರ್ಷ, ಪಕ್ಷದ ರಾಜ್ಯಾಧ್ಯಕ್ಷರು. ಗವರ್ನರ್ ಆಗಬೇಕೆನ್ನುವ ರಿಪಬ್ಲಿಕನ್ನರು ಈ ಅಂಗಡಿ ಮಾಲೀಕರ ಒಪ್ಪಿಗೆಗೆ ಕಾಯಬೇಕಾಗುತ್ತಿತ್ತು. ಅವರು 2022ರಲ್ಲಿ ತೀರಿಕೊಂಡರು. ನಂತರ ಬಂದ ಜೆರಾರ್ಡ್ ಕಾಸರ್ ಕೂಡ ಬ್ರೂಕ್ಲಿನ್ ಶಾಖೆಯ ಅಧ್ಯಕ್ಷರಾಗಿದ್ದವರೇ. ಪಕ್ಷಕ್ಕೆ ಮತ ಕಡಿಮೆ ಇರುವ ಊರಿನಿಂದಲೇ ಪಕ್ಷದ ಯಜಮಾನಿಕೆ!

ಲಾಂಗ್ 1980ರ ದಶಕದ ಆರಂಭದಲ್ಲಿ ನಗರ ಕೌನ್ಸಿಲ್ ಸದಸ್ಯರೂ ಆಗಿದ್ದರು. ಆಗ ನಗರದ ಪ್ರತಿ ಬರೋಗೆ ಎರಡು ಹೆಚ್ಚುವರಿ ಸೀಟು. ಒಂದು ಪಕ್ಷ ಒಬ್ಬರನ್ನು ಮಾತ್ರ ನಿಲ್ಲಿಸಬೇಕು. ಹಾಗಾಗಿ ಎರಡನೇ ಸೀಟು ತಾನಾಗಿ ವಿರೋಧಿಗಳ ಪಾಲು. ಒಬ್ಬ ವ್ಯಕ್ತಿಗೆ ಒಂದೇ ತೂಕದ ಮತ ಎಂಬ ತತ್ವಕ್ಕೆ ಇದು ಹೊಂದುವುದಿಲ್ಲ ಎಂದು ಕೋರ್ಟ್ ಹೇಳಿದ ಮೇಲೆ 1983ಕ್ಕೆ ಆ ಸೀಟುಗಳು ಹೋದವು. ಕಾನೂನು ಕೊಟ್ಟ ಜಾಗವನ್ನು ಕಾನೂನೇ ಕಿತ್ತುಕೊಂಡಿತು.

ಮನೆ ಮನೆ ಸಹಿ

ಹಾಗಾದರೆ ಶಾಖೆಯವರ ದಿನನಿತ್ಯದ ಕೆಲಸವೇನು? ಮುಖ್ಯವಾಗಿ ಸಾಲು ಕಾಯುವುದು. 1947ರ ವಿಲ್ಸನ್-ಪಕುಲಾ ಕಾಯ್ದೆಯಂತೆ ಬೇರೆ ಪಕ್ಷದ ಸದಸ್ಯ ಈ ಸಾಲಿನಲ್ಲಿ ನಿಲ್ಲಬೇಕಾದರೆ ಪಕ್ಷದ ಸಮಿತಿಯ ಲಿಖಿತ ಅನುಮತಿ ಬೇಕು. ಎಡಪಂಥದ ಅಮೆರಿಕನ್ ಲೇಬರ್ ಪಕ್ಷದವರು ದೊಡ್ಡ ಪಕ್ಷಗಳೊಳಗೆ ನುಸುಳದಿರಲಿ ಅಂತ ಮಾಡಿದ ಕಾಯ್ದೆ ಅದು. ಈಗ ಬಲಪಂಥದ ಸಣ್ಣ ಪಕ್ಷದ ಕೈಯಲ್ಲಿ ಅದೇ ಕೀಲಿಕೈ.

ಅನುಮತಿ ಸಿಕ್ಕರೂ ಸಾಲದು. ಆ ಕ್ಷೇತ್ರದಲ್ಲಿ ಪಕ್ಷಕ್ಕೆ ನೋಂದಾಯಿಸಿಕೊಂಡ ಮತದಾರರ ಪೈಕಿ ಶೇಕಡಾ 5ರಷ್ಟು ಜನರ ಸಹಿ ತರಬೇಕು. ಕ್ಷೇತ್ರದಲ್ಲಿ 400 ಸದಸ್ಯರಿದ್ದಾರೆ ಅಂದುಕೊಳ್ಳಿ, 20 ಸಹಿ ಸಾಕು. ಕೇಳಲಿಕ್ಕೆ ಸುಲಭ. ಆದರೆ ಸಾವಿರಾರು ಮನೆಗಳ ನಡುವೆ ಆ 400 ಮಂದಿಯನ್ನು ಹುಡುಕಬೇಕು. ಬೇರೆ ಪಕ್ಷದವನ ಸಹಿ ಬಿದ್ದರೆ ಲೆಕ್ಕಕ್ಕಿಲ್ಲ. ಸಹಿಗಳು ಕಡಿಮೆ ಬಿದ್ದರೆ ಎದುರಾಳಿಗಳು ಆಕ್ಷೇಪ ಹಾಕುತ್ತಾರೆ. ಹಾಗಾಗಿ ಮನೆ ನಂಬರ್ ಸಹಿತ ಸದಸ್ಯರ ಗುರುತಿರುವ ಹಳೇ ಕಾರ್ಯಕರ್ತರೇ ಶಾಖೆಯ ಆಸ್ತಿ.

ಡೆಮಾಕ್ರಟಿಕ್ ಊರಾದ್ದರಿಂದ ಒಮ್ಮೊಮ್ಮೆ ಡೆಮಾಕ್ರಟಿಕ್ ಅಭ್ಯರ್ಥಿಗೂ ಸಾಲು ಕೊಟ್ಟದ್ದುಂಟು. ರಾಜ್ಯ ಸೆನೆಟರ್ ಆಗಿದ್ದ ಸಿಮ್ಖಾ ಫೆಲ್ಡರ್ ಡೆಮಾಕ್ರಟಿಕ್ ಸದಸ್ಯರಾಗಿದ್ದೂ ಈ ಸಾಲಿನಲ್ಲಿ ನಿಂತಿದ್ದರು. ಇದು ತತ್ವವೋ, ವ್ಯಾಪಾರವೋ ಅಂತ ಟೀಕಾಕಾರರು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿಲ್ಲ ಅನ್ನುವಂತಿಲ್ಲ.

ಗೆಲುವಿನ ಅಂತರ, ಸೋಲಿನ ಬೆಲೆ

ಸಾಲಿನ ಬೆಲೆ 1994ರಲ್ಲಿ ಎದ್ದು ಕಂಡಿತು. ಗವರ್ನರ್ ಮಾರಿಯೊ ಕ್ವೊಮೊ ಅವರನ್ನು ಸೋಲಿಸಿದ ಜಾರ್ಜ್ ಪಟಾಕಿ (ಹೌದು, ಹೆಸರು ಹಾಗೇ ಇದೆ) ಅವರ ಅಂತರ 2 ಲಕ್ಷಕ್ಕಿಂತ ಕಡಿಮೆ. ಕನ್ಸರ್ವೇಟಿವ್ ಸಾಲಿನಲ್ಲಿ ಬಂದ ಮತ 3 ಲಕ್ಷಕ್ಕೂ ಹೆಚ್ಚು. 1974ರ ನಂತರ ಈ ಸಾಲಿಲ್ಲದೆ ಯಾವ ರಿಪಬ್ಲಿಕನ್ನನೂ ರಾಜ್ಯವ್ಯಾಪಿ ಚುನಾವಣೆ ಗೆದ್ದಿಲ್ಲ.

ಉಲ್ಟಾ ಹೊಡೆದದ್ದೂ ಇದೆ. 2009ರಲ್ಲಿ ರಾಜ್ಯದ ಉತ್ತರ ಭಾಗದ ಉಪಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಒಪ್ಪಿಗೆಯಾಗದೆ ಪಕ್ಷ ತನ್ನದೇ ಅಭ್ಯರ್ಥಿ ಡಗ್ ಹಾಫ್‌ಮನ್ ಅವರನ್ನು ನಿಲ್ಲಿಸಿತು. ರಿಪಬ್ಲಿಕನ್ ಅಭ್ಯರ್ಥಿ ಕಣದಿಂದ ಹಿಂದೆ ಸರಿದು ಡೆಮಾಕ್ರಟಿಕ್ ಅಭ್ಯರ್ಥಿಗೆ ಬೆಂಬಲ ಕೊಟ್ಟರು. ಸೀಟು ಡೆಮಾಕ್ರಟಿಕ್ ಪಾಲಾಯಿತು. ಬ್ರೂಕ್ಲಿನ್‌ನಲ್ಲೂ 2018ರಲ್ಲಿ ಬೇ ರಿಜ್ ಭಾಗದ ರಿಪಬ್ಲಿಕನ್ ಸೆನೆಟರ್ ಮಾರ್ಟಿ ಗೋಲ್ಡನ್ ಸೋತರು. ಊರಿನ ಗಾಳಿ ಜೋರಾದಾಗ ಸಾಲೊಂದೇ ಕಾಪಾಡದು.

ವೈರಿಗಳು ಒಂದೇ ದಾರಿಯಲ್ಲಿ

ನಿಜವಾದ ಗಂಡಾಂತರ ಬಂದದ್ದು 2019ರಲ್ಲಿ. ಸಣ್ಣ ಪಕ್ಷಗಳ ಮಾನ್ಯತೆಯ ನಿಯಮ ಬಿಗಿ ಮಾಡಲು ಸರಕಾರಿ ಆಯೋಗವೊಂದು ಹೊರಟಿತು. ಆಗ ಕನ್ಸರ್ವೇಟಿವ್ ಪಕ್ಷವೂ, ಅದರ ಕಡುವಿರೋಧಿಯಾದ ಎಡಪಂಥದ ವರ್ಕಿಂಗ್ ಫ್ಯಾಮಿಲೀಸ್ ಪಕ್ಷವೂ ಕೋರ್ಟ್ ಮೆಟ್ಟಿಲು ಹತ್ತಿದವು. ಆಯೋಗದ ತೀರ್ಮಾನ ಕೋರ್ಟಿನಲ್ಲಿ ಬಿತ್ತು. ಆದರೆ 2020ರಲ್ಲಿ ಶಾಸಕಾಂಗವೇ ಬಜೆಟ್ ಜತೆಗೆ ಅದನ್ನು ಪಾಸು ಮಾಡಿತು.

ಮೊದಲು ನಾಲ್ಕು ವರ್ಷಕ್ಕೊಮ್ಮೆ ಗವರ್ನರ್ ಚುನಾವಣೆಯಲ್ಲಿ 50 ಸಾವಿರ ಮತ ಬಂದರೆ ಸಾಲು ಉಳಿಯುತ್ತಿತ್ತು. ಈಗ ಎರಡು ವರ್ಷಕ್ಕೊಮ್ಮೆ 1 ಲಕ್ಷ 30 ಸಾವಿರ ಅಥವಾ ಒಟ್ಟು ಮತದ ಶೇಕಡಾ 2, ಯಾವುದು ಹೆಚ್ಚೋ ಅದು ಬೇಕು. 2020ರಲ್ಲೇ ಗ್ರೀನ್, ಲಿಬರ್ಟೇರಿಯನ್, ಇಂಡಿಪೆಂಡೆನ್ಸ್ ಪಕ್ಷಗಳು ಮಾನ್ಯತೆ ಕಳೆದುಕೊಂಡವು. ದಾರಿ ತೋರಿದ್ದ ಲಿಬರಲ್ ಪಕ್ಷ 2002ರಲ್ಲಿ ಆ 50 ಸಾವಿರವನ್ನೂ ಮುಟ್ಟದೆ ಮಾನ್ಯತೆ ಕಳೆದುಕೊಂಡಿತ್ತು.

ಕನ್ಸರ್ವೇಟಿವ್ ಪಕ್ಷ ಮಾತ್ರ ಉಳಿಯಿತು. 2022ರ ಗವರ್ನರ್ ಚುನಾವಣೆಯಲ್ಲಿ ಅದರ ಸಾಲಿಗೆ 3 ಲಕ್ಷಕ್ಕೂ ಹೆಚ್ಚು ಮತ ಬಿತ್ತು. ನೋಂದಾಯಿತ ಸದಸ್ಯರು ರಾಜ್ಯದಲ್ಲಿ ಒಂದೂವರೆ ಲಕ್ಷದ ಆಸುಪಾಸು. ಅಂದರೆ ಸದಸ್ಯರಲ್ಲದ ಮಂದಿಯೂ ಈ ಸಾಲನ್ನು ಹುಡುಕಿ ಗುರುತು ಹಾಕಿದರು.

ಅವರ ವಿಚಾರ ನಮಗೆ ಒಪ್ಪಿಗೆಯೋ ಇಲ್ಲವೋ, ಬೇರೆ ಮಾತು. ಯಾವ ರಾಜ್ಯದಲ್ಲೇ ಆಗಲಿ, ಮಂದಿ ಕಡಿಮೆ ಇರುವ ಕಡೆ ಬದುಕುವವರಿಗೆ ಇದರಲ್ಲಿ ಒಂದು ವಿಷಯ ತಿಳಿಯುತ್ತದೆ. ತಮ್ಮ ಮತವನ್ನು ಬೇರೆಯಾಗಿ ಎಣಿಸಿ ತೋರಿಸುವ ನಿಯಮ ಇರುವ ತನಕ ಸಣ್ಣ ಗುಂಪಿನ ಮಾತಿಗೂ ಕಿಮ್ಮತ್ತು. ಆ ನಿಯಮ ಬದಲಾಗುವ ದಿನ ಕಣ್ಣು ತೆರೆದಿರಬೇಕು, ಬೇಕಾದರೆ ವೈರಿಯ ಜತೆಗೂ ಕೋರ್ಟಿಗೆ ಹೋಗಬೇಕು.